ರೇಖಾ ಬಳೆ ಕೊಡದ ದಿನ

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಅವಲಕ್ಕಿಗೆ ಒಗ್ಗರಣೆ ಹಾಕಿ, ಯಜಮಾನರನ್ನು ಮಾಚೇನಹಳ್ಳಿಯ ಫ್ಯಾಕ್ಟರಿಗೆ ಕಳಿಸಿ, ನಮ್ಮ ಬಡಾವಣೆಯ ಪಾರ್ಕಿಗೆ ಥ್ರೋಬಾಲ್ ಪ್ರಾಕ್ಟೀಸಿಗೆಂದು ಹೊರಟೆ. ಇಷ್ಟಕ್ಕೇ ನನ್ನನ್ನು ಆಟಗಾರ್ತಿ ಅಂದುಕೊಳ್ಳಬೇಡಿ. ಮಹಿಳಾ ಸಮಾಜದ ತಂಡದಲ್ಲಿ ನಾನು ಬೆಂಚಿನವಳು. ಯಾರಾದರೂ ಬಾರದಿದ್ದರೆ ಇಳಿಯಬೇಕಾದವಳು. ದೇವರ ದಯೆ, ಇದುವರೆಗೆ ಎಲ್ಲರೂ ಬಂದಿದ್ದಾರೆ. ಕಾನ್ವೆಂಟಿನಲ್ಲಿದ್ದಾಗಲೇ ಚೆಂಡು ನನ್ನತ್ತ ಬಂದರೆ ಪಕ್ಕಕ್ಕೆ ಸರಿದು "ಸಾರಿ ಸಿಸ್ಟರ್" ಅನ್ನುತ್ತಿದ್ದೆ. ಆ ವಿನಯ ಇನ್ನೂ ಬಿಟ್ಟುಹೋಗಿಲ್ಲ.

ಆಡುವವರು ಕಳಚಿ ಕೊಟ್ಟ ಗಾಜಿನ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುವುದೇ ನನ್ನ ಕೆಲಸ. ತಂಡದ ತಾರೆ ರೇಖಾ ಅಂತೂ ತನ್ನ ಬಳೆಗಳನ್ನು ನನ್ನ ಕೈಗಲ್ಲದೆ ಬೇರೆಯವರ ಕೈಗೆ ಕೊಟ್ಟವಳಲ್ಲ. ಅವಳು ಭದ್ರಾವತಿಯ ಕಾಗದನಗರದಲ್ಲಿ ಬೆಳೆದ ಹುಡುಗಿ. ಭಾನುವಾರದ ಪಂದ್ಯವಿರುವುದು ಅದೇ ಭದ್ರಾವತಿಯ ತಂಡದ ಮೇಲೆ. ಅಲ್ಲಿರುವವರೆಲ್ಲ ಅವಳ ಬಾಲ್ಯದ ಗೆಳತಿಯರು; ಅವಳು ತವರಿನ ಕಡೆಗೇ ಸೇರಿಕೊಳ್ಳುತ್ತಾಳಂತೆ ಎಂಬ ಗುಸುಗುಸು ಕೆಲವು ದಿನಗಳಿಂದ ಹಬ್ಬಿತ್ತು. ಅವಳು ಹೋದರೆ ಆ ಜಾಗಕ್ಕೆ ಇಳಿಯಬೇಕಾದವಳು ನಾನು. ಭದ್ರಾವತಿಯವರ ಸರ್ವಿಸ್ ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಕಂಬದ ಹಿಂದೆ ನಿಂತು.

ಆ ಗುಸುಗುಸು ಕಿವಿಗೆ ಬಿದ್ದಾಗಿನಿಂದ ರೇಖಾಳ ಹಾವಭಾವ ಓದುವುದೇ ನನ್ನ ಉದ್ಯೋಗವಾಯಿತು. ಆಕಳಿಸಿದರೆ ಅವಳಿಗೆ ನಮ್ಮ ತಂಡ ಬೇಸರವಾಗಿದೆ. ಸೊಂಟದ ಮೇಲೆ ಕೈಯಿಟ್ಟರೆ ನಿರ್ಧಾರ ಮಾಡಿಬಿಟ್ಟಿದ್ದಾಳೆ. ರಸ್ತೆ ಕಡೆ ನೋಡಿದಳೋ, ಅದು ಭದ್ರಾವತಿ ಬಸ್ಸಿಗೇ. ಇದನ್ನೆಲ್ಲ ಯಜಮಾನರಿಗೆ ವಿವರಿಸಿದರೆ, ಮದುವೆಯಾಗಿ ಇಷ್ಟು ವರ್ಷವಾದರೂ ತಮಗೆ ಹಸಿವಾದದ್ದು ನನಗೆ ಮುಖ ನೋಡಿ ತಿಳಿಯುವುದಿಲ್ಲವಲ್ಲ ಎಂದರು.

ಅಂದು ಬೆಳಿಗ್ಗೆ ಪಾರ್ಕಿನಲ್ಲಿ ರೇಖಾ ನನ್ನ ಹತ್ತಿರ ಬರಲೇ ಇಲ್ಲ. ಬಳೆಗಳನ್ನು ಕರ್ಚೀಫಿನಲ್ಲಿ ಸುತ್ತಿ ತನ್ನ ಬ್ಯಾಗಿಗೇ ಹಾಕಿಕೊಂಡು, ದೂರದಿಂದ ನನ್ನನ್ನು ನೋಡಿ ನಕ್ಕಳು. ಗಂಡನ ಮನೆಗೆ ಹೊರಟ ಹುಡುಗಿ ಕಾರಿನ ಕಿಟಕಿಯಿಂದ ನಗುತ್ತಾಳಲ್ಲ, ಅಂಥ ನಗು. ಪ್ರಾಕ್ಟೀಸ್ ಮುಗಿದ ಮೇಲೆ ನಾನೇ ಅವಳ ಹತ್ತಿರ ಹೋದೆ. ನೇರವಾಗಿ ಕೇಳಲು ಧೈರ್ಯ ಸಾಲದೆ, ಅಮ್ಮ ಹೇಗಿದ್ದಾರೆ ಎಂದೆ.

"ಚೆನ್ನಾಗಿದಾರೆ ಅಕ್ಕ. ನೀವ್ಯಾಕೆ ಹಿಂಗೆ ಬಿಳಿಚ್ಕೊಂಡಿದೀರಿ? ಚೆನ್ನಾಗಿ ಊಟ ಮಾಡಿ," ಎಂದಳು.

ಬಿಟ್ಟುಹೋಗುವವರೇ ಹೀಗೆ ಉಪಚಾರದ ಮಾತಾಡುವುದು. ಮಧ್ಯಾಹ್ನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಬಾಗಿಲು ಹಾಕಿಕೊಂಡು, ಟವೆಲನ್ನು ಉಂಡೆ ಮಾಡಿ ಗೋಡೆಗೆಸೆದು ಹಿಡಿಯಲು ನೋಡಿದೆ. ಅದೂ ನನ್ನ ಕೈಗೆ ಸಿಗದೆ ದೇವರ ಮನೆಯೊಳಗೆ ಹೋಗಿ ಬಿತ್ತು.

ಸಂಜೆ ತಾರಸಿಯ ಮೇಲೆ ಪಕ್ಕದ ಮನೆಯ ಶಾರದಕ್ಕ ಬಟ್ಟೆ ತೆಗೆಯುತ್ತಿದ್ದರು. ನಮ್ಮ ತಂಡದ ನಾಯಕಿ ಅವರ ಸೊಸೆ. ಹಾಗಾಗಿ ತಂಡದ ಸುದ್ದಿ ಮೊದಲು ಬೇಯುವುದು ಅವರ ಅಡುಗೆಮನೆಯಲ್ಲೇ. ತಡೆಯಲಾರದೆ ನನ್ನ ಭಯವನ್ನೆಲ್ಲ ಹೇಳಿಕೊಂಡೆ. ಅವರು ತಿರುಗಿಯೂ ನೋಡದೆ ಲುಂಗಿಯೊಂದನ್ನು ಕೊಡವಿದರು.

"ರೇಖಾನಾ? ಅವಳೆಲ್ಲಿಗೂ ಹೋಗಲ್ಲ ಮಾರಾಯ್ತಿ. ನೀನು ದಿನಾ ಕಣ್ಣು ಮಿಟುಕಿಸ್ದೆ ಅವಳ ಆಟಾನೇ ನೋಡ್ತಿರ್ತೀಯಂತಲ್ಲ, ಇಷ್ಟು ಆಸೆ ಇರೋಳ್ನ ಬೆಂಚಲ್ಲಿ ಕೂರ್ಸೋದು ಪಾಪ ಅಂತ ನನ್ನ ಸೊಸೆ ಹತ್ರ ಜಗಳ ಆಡಿ ನಿನ್ನ ಹೆಸರು ಹಾಕ್ಸಿದಾಳೆ. ಭಾನುವಾರ ನೀನು ಬಳೆ ಕಾಯೋದಲ್ಲ, ಮುಂದಿನ ಸಾಲಲ್ಲಿ ನಿಂತು ಆಡೋದಂತೆ."