ನಮ್ಮತ್ತೆಯ ಕಾರ್ಡು ನುಂಗಿದ ನಾಲ್ಕನೇ ಟಿಕೆಟ್ ಯಂತ್ರದವರಿಗೆ

ಗಾಜಿನ ಮುಖದ, ಉಕ್ಕಿನ ಹೊಟ್ಟೆಯ, ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿ ಎಡದಿಂದ ನಾಲ್ಕನೆಯವರಾಗಿ ನಿಂತು ರೈಲು ಟಿಕೆಟ್ ಕೊಡುವ ಯಂತ್ರ ಮಹಾಶಯರಾದ ಮಾನ್ಯರೇ,

ಶ್ರೀರಂಗಪಟ್ಟಣ ತಾಲ್ಲೂಕು ಅರಕೆರೆಯಿಂದ ಸುನಿತಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ಅಂದರೆ ದನಕರು ಕ್ಷೇಮ, ನಾಲೆಯಲ್ಲಿ ನೀರೂ ಇದೆ, ನನ್ನ ಎದೆ ಒಂದು ಮಾತ್ರ ಡವಡವ ಅನ್ನುವುದು ಬಿಟ್ಟಿಲ್ಲ. ತಮ್ಮ ಕ್ಷೇಮಕ್ಕೂ ತಮ್ಮ ಅಕ್ಕಪಕ್ಕ ಸಾಲಾಗಿ ನಿಂತಿರುವ ಅಣ್ಣತಮ್ಮಂದಿರ ಕ್ಷೇಮಕ್ಕೂ ಉತ್ತರ ಬರೆಯಬೇಕು. ನಾನು ಏಳನೇ ಕ್ಲಾಸಿನ ಅರ್ಧದಲ್ಲಿ, ನಮ್ಮನೆ ಎಮ್ಮೆ ಈದ ವಾರ, ಇಸ್ಕೂಲು ಬಿಟ್ಟವಳಾದ್ದರಿಂದ ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಮೊನ್ನೆ ಮಧ್ಯಾಹ್ನ ಹಸುವಿಗೆ ಹಿಂಡಿ ನೆನೆಹಾಕಿ ಐದು ನಿಮಿಷ ಗೋಡೆಗೆ ಒರಗಿದ್ದೆ, ಅಷ್ಟರಲ್ಲಿ ತಾವು ಕನಸಿಗೆ ದಯಮಾಡಿಸಿದಿರಿ. ಕೆ.ಆರ್.ಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಮೇಲೆ, ಹೆಗಲಿಗೆ ಚರ್ಮದ ಚೀಲ ನೇತುಹಾಕಿಕೊಂಡು ಕೂತಿದ್ದಿರಿ, ಪಾಂಡವಪುರ ದಾಟುತ್ತಿದ್ದ ಹಾಗೆ ಹೆಂಗಸರ ಕಾರ್ಡುಗಳನ್ನೆಲ್ಲ ಇಸಿದುಕೊಂಡು ಹಪ್ಪಳ ತಿಂದ ಹಾಗೆ ತಿಂದಿರಿ, ಕೊನೆಗೆ ತಮ್ಮ ಗಾಜಿನ ಒಳಗಿಂದ ನಮ್ಮತ್ತೆ ಚಿಕ್ಕಬೋರಮ್ಮನವರು ಇಣುಕಿ, "ಒಳಗೆ ಸೆಕೆ ಕಣವ್ವ ಸುನಿತಾ, ಒಂದ್ಲೋಟ ಮಜ್ಜಿಗೆ ಕೊಡು" ಅಂದರು. ದಡಬಡ ಎದ್ದು ನೋಡಿದರೆ ಅತ್ತೆ ಜಗಲಿ ಮೇಲೆಯೇ ಇದ್ದರು, ನಿಜವಾಗಿಯೂ ಮಜ್ಜಿಗೆಯನ್ನೇ ಕೇಳುತ್ತಿದ್ದರು. ಮಜ್ಜಿಗೆ ಕೊಟ್ಟವಳೇ ಈ ಕಾಗದಕ್ಕೆ ಹಾಳೆ ಹುಡುಕಿದೆ.

ತಮಗೆ ದಿನಕ್ಕೆ ಸಾವಿರ ಜನ ಕೈಮುಟ್ಟುವುದರಿಂದ ನನ್ನ ನೆನಪು ಇರಲಿಕ್ಕಿಲ್ಲ. ಮೂರು ತಿಂಗಳ ಹಿಂದೆ ನಮ್ಮ ಮಹಿಳಾ ಹಾಲಿನ ಸಂಘದಿಂದ ಹನ್ನೊಂದು ಜನ ಹೆಂಗಸರು ತಮ್ಮ ದೇಶದ ಕೊಟ್ಟಿಗೆಗಳನ್ನು ನೋಡಲು ಬಂದೆವು. ವಿಮಾನ ಇಳಿದ ಮೇಲೆ, ನಮ್ಮನ್ನು ಕರೆತಂದ ದಿವ್ಯ ಮೇಡಂ ಒಬ್ಬೊಬ್ಬರಿಗೂ ದುಡ್ಡು ತುಂಬಿದ ನೀಲಿ ಕಾರ್ಡು ಕೊಟ್ಟು, "ನಿಮ್ ರೈಲು ಟಿಕೆಟ್ ನೀವೇ ತಗೊಳ್ರಮ್ಮ, ಇದೂ ಒಂದು ಕಲಿಕೆ" ಅಂದರು. ಕಲಿಯಲು ನನಗೆ ಸಿಕ್ಕವರು ತಾವು.

ತಮ್ಮ ವಿದ್ಯೆಯನ್ನು ಎಷ್ಟು ಹೊಗಳಿದರೂ ಸಾಲದು. ಹದಿನಾರು ಭಾಷೆ ಬಲ್ಲವರು, ಅದರಲ್ಲಿ ನಮ್ಮದೊಂದು ಇಲ್ಲದಿದ್ದರೆ ಏನಂತೆ, ಹದಿನೇಳನೆಯದಕ್ಕೆ ಜಾಗ ಸಾಲದೆ ಹೋಗಿರಬಹುದು. ಒಬ್ಬರೋ ಇಬ್ಬರೋ, ದೊಡ್ಡವರೋ ಮಕ್ಕಳೋ, ಹೋಗಿ ಬರುತ್ತೀರೋ ಹೋಗೇಬಿಡುತ್ತೀರೋ ಎಂದು ಚಿತ್ರ ಬರೆದು ಕೇಳಿದಿರಿ. ಹೆಣ್ಣು ನೋಡಲು ಬಂದವರೂ ನನ್ನನ್ನು ಇಷ್ಟು ಕೇಳಿರಲಿಲ್ಲ. ನಾನು ಬೆರಳಿಟ್ಟೆ, ತಾವು ಅಲುಗಾಡಲಿಲ್ಲ. ಸೆರಗಿನಲ್ಲಿ ಒರೆಸಿ ಇಟ್ಟೆ, ಅಲುಗಾಡಲಿಲ್ಲ. ಇದಕ್ಕೆ ತಮ್ಮನ್ನು ದೂರುವುದಿಲ್ಲ ಸ್ವಾಮಿ, ಇಪ್ಪತ್ತೆರಡು ವರ್ಷ ಹಾಲು ಕರೆದು, ಬೆರಣಿ ತಟ್ಟಿ ನನ್ನ ಬೆರಳು ಒಣಗಿ ಕೊರಡಾಗಿದೆ, ನಮ್ಮ ರೇಷನ್ ಅಂಗಡಿ ಯಂತ್ರವೂ ನನ್ನನ್ನು ಸತ್ತವಳ ಲೆಕ್ಕದಲ್ಲೇ ಇಟ್ಟಿದೆ. ಕೊನೆಗೆ ಬೆರಳ ಗೆಣ್ಣಿನಲ್ಲಿ ಬಾಗಿಲು ತಟ್ಟುವ ಹಾಗೆ ತಟ್ಟಿದೆ. ತಾವು ಒಪ್ಪಿದಿರಿ, ಗಾಜಿನ ಮೇಲೆ ಒಂದು ಕೈ ಕಾರ್ಡು ಹಿಡಿದಿರುವ ಚಿತ್ರ ಬಂತು.

ಇಲ್ಲಿಯೇ ನೋಡಿ ಎಡವಟ್ಟಾದದ್ದು. ನಮ್ಮ ಕಡೆ ಹೆಂಗಸರು ಬಸ್ಸಿನಲ್ಲಿ ದುಡ್ಡು ಕೊಡುವುದಿಲ್ಲ, ಆಧಾರ್ ಕಾರ್ಡು ತೋರಿಸುತ್ತೇವೆ, ಕಂಡಕ್ಟರು ಕಾರ್ಡಿನ ಮುಖವನ್ನೂ ನಮ್ಮ ಮುಖವನ್ನೂ ಒಂದು ಸಲ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾರೆ. ಹಾಗಾಗಿ ಟಿಕೆಟ್ ಅನ್ನುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಗಿ ನೀಲಿ ಕಾರ್ಡು ಬಿಟ್ಟು ಆಧಾರ್ ಕಾರ್ಡು ಹಿಡಿದಿತ್ತು. ಇಲ್ಲೂ ಹೆಂಗಸರಿಗೆ ಫ್ರೀ ಇದೆಯಲ್ಲ, ಎಂಥಾ ಧರ್ಮವಂತ ದೇಶ ಎಂದುಕೊಂಡು ತಮ್ಮ ಗಾಜಿಗೆ ತೋರಿಸಿದೆ, ತಾವು ನೋಡಲಿಲ್ಲ. ಕೆಳಗೆ ಒಂದು ಸೀಳು ಹಸಿರು ದೀಪ ಹಚ್ಚಿಕೊಂಡು ಬಾಯಿ ಕಳೆದಿತ್ತು, ಹತ್ತಿರದಿಂದ ನೋಡಲಿ ಎಂದು ಅಲ್ಲಿಗೆ ಹಿಡಿದೆ. ಹಸಿದ ಕರು ಕೂಡ ಅಷ್ಟು ಜೋರಾಗಿ ಎಳೆಯುವುದಿಲ್ಲ.

ಆಮೇಲೆ ತಾವು ಒಂದು ಸಲ ಗುರ್ ಎಂದು, ಕಣ್ಣು ಮುಚ್ಚಿದಿರಿ. ದಿವ್ಯ ಮೇಡಂ ಓಡಿಬಂದು ಪಕ್ಕದ ಯಂತ್ರದಲ್ಲಿ ನೀಲಿ ಕಾರ್ಡು ತೋರಿಸಿ ನನಗೆ ಟಿಕೆಟ್ ತೆಗೆದರು. ಸಮವಸ್ತ್ರದವರೊಬ್ಬರು ಬಂದು ತಮ್ಮ ಎದೆಗೆ ಕೆಂಪು ಬೋರ್ಡು ನೇತುಹಾಕಿ, ಅರ್ಜಿ ಬರೆಯಿರಿ ಅಂದರು. ಅರ್ಜಿಗೆಂದು ಚೀಲ ತಡಕಾಡಿದಾಗಲೇ ಗೊತ್ತಾದದ್ದು, ನನ್ನ ಕಾರ್ಡು ಚೀಲದಲ್ಲಿ ಭದ್ರವಾಗಿತ್ತು. ಅತ್ತೆ ಸೊಸೆ ಇಬ್ಬರದನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಡುವುದು ನಮ್ಮನೆ ಪದ್ಧತಿ, ತಾವು ನುಂಗಿದ್ದು ಅತ್ತೆಯವರದು. ಆ ರೈಲಿನ ಕಿಟಕಿಯಲ್ಲಿ ತಮ್ಮ ಊರಿನ ಏನೇನು ಬಂತೋ ಹೋಯಿತೋ, ನನಗೆ ಕಂಡಿದ್ದು ಅತ್ತೆಯ ಮುಖ ಒಂದೇ.

ಆ ಕಾರ್ಡಿನ ಬೆಲೆ ತಮಗೆ ತಿಳಿಯಲೆಂದು ಬರೆಯುತ್ತೇನೆ. ಅತ್ತೆಯ ಅಕ್ಕ ದೊಡ್ಡಬೋರಮ್ಮ ಗೋವಿಂದನಹಳ್ಳಿಯಲ್ಲಿ ಕಾಲು ಮುರಿದು ಕೂತಿದ್ದಾರೆ. ವಾರ ಬಿಟ್ಟು ವಾರ, ಸೋಮವಾರ ಅತ್ತೆ ಮೂರು ಬಸ್ಸು ಬದಲಾಯಿಸಿ ಹೋಗಿ, ಅಕ್ಕನ ತಲೆಗೆ ಎಣ್ಣೆ ಇಟ್ಟು, ಸಿಕ್ಕು ಬಿಡಿಸಿ ಜಡೆ ಹಾಕಿ, ಊರವರನ್ನೆಲ್ಲ ಬೈದುಕೊಂಡು ಬರಬೇಕು. ಆರು ಸೋಮವಾರ ತಪ್ಪಿದೆ. ಆ ಮನೆಯ ಸೊಸೆ ಬಾಚಲು ಹೋದರೆ ದೊಡ್ಡಬೋರಮ್ಮ, "ನಿಂದು ಬಾಚಣಿಗೆನೋ ಹೊಲದ್ ಕುಂಟೇನೋ? ನನ್ ತಂಗೀನೇ ಬರ್ಬೇಕು" ಅನ್ನುತ್ತಾರಂತೆ. ದುಡ್ಡು ಕೊಟ್ಟು ಹೋಗಿ ಅತ್ತೆ ಎಂದರೆ ಇವರು, "ಇಡೀ ತಾಲ್ಲೂಕ್ನ ಹೆಂಗುಸ್ರು ಸುಮ್ನೆ ಓಗ್ತಾವ್ರೆ, ನಾನೊಬ್ಳು ಕಾಸ್ ಕೊಟ್ಟು ಓದ್ರೆ ಏನ್ ಕಳ್ಳತನ ಮಾಡಿದ್ಲೋ ಅಂತಾರೆ" ಅನ್ನುತ್ತಾರೆ. ಹೊಸ ಕಾರ್ಡಿಗೆ ಪಟ್ಟಣದ ಕಂಪ್ಯೂಟರ್ ಅಂಗಡಿಯ ಅಶೋಕನ ಹತ್ತಿರ ಮೂರು ಸಲ ಕರೆದುಕೊಂಡು ಹೋದೆ. ಕಾರ್ಡಿಗೆ ಸೇರಿಸಿದ ಫೋನ್ ನಂಬರು ಈಗ ಯಾರದೋ, ಹೆಬ್ಬೆಟ್ಟು ಇಟ್ಟರೆ ಗೆರೆ ಇಲ್ಲ, ಕಣ್ಣು ಇಟ್ಟರೆ ಪೊರೆ. "ಯಂತ್ರಕ್ಕೆ ನೀವು ಇದ್ದೀರಾಂತನೇ ಗೊತ್ತಾಗ್ತಿಲ್ಲ ಅಜ್ಜಿ" ಅಂದ ಅಶೋಕನಿಗೆ, ಒಂದು ಕಾಲದಲ್ಲಿ ಸೂಲಗಿತ್ತಿಯಾಗಿದ್ದ ಅತ್ತೆ, "ನಿಮ್ಮವ್ವುನ್ನ ಕೇಳ್ಲಾ, ನಿನ್ನ ಎರಿಗೆ ಮಾಡ್ಸುದ್ದು ಯಾವ್ ಯಂತ್ರ ಅಂತ" ಎಂದು ಕೇಳಿ ಬಂದರು.

ಹೋದ ಸೋಮವಾರ ತಡೆಯಲಾರದೆ ಬರಿಗೈಯಲ್ಲಿ ಬಸ್ಸು ಹತ್ತಿದರು. ಕಂಡಕ್ಟರ್ ನಾಗರಾಜು ಕಾರ್ಡು ಕೇಳಿದ. "ಫಾರಿನ್ನಾಗೆ ಅದೆ ಕಣಪ್ಪ, ಬಂದ್ಮ್ಯಾಕೆ ತೋರುಸ್ತೀನಿ" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತಂತೆ. ನಾಗರಾಜು ಒಳ್ಳೆಯವನು, ತಾನೇ ದುಡ್ಡು ಹಾಕಲು ಹೋದ. ಅತ್ತೆ, "ನಿನ್ನ ಕಾಸು ನನಗ್ಯಾಕ್ಲಾ" ಎಂದು ಇಳಿದು, ಎಣ್ಣೆ ಸೀಸೆ ಹಿಡಿದುಕೊಂಡು ಎರಡು ಮೈಲಿ ನಡೆದು ವಾಪಸು ಬಂದರು. ಆ ಸೀಸೆ ಈಗ ನಮ್ಮ ಗೋಡೆ ಗೂಡಿನಲ್ಲಿ ನನ್ನನ್ನೇ ನೋಡುತ್ತಾ ಕೂತಿದೆ.

ಆದ್ದರಿಂದ ತಾವು ಕಾರ್ಡು ಕಳಿಸಬೇಕು, ಆಗದಿದ್ದರೆ ತಾವೇ ಹೊಟ್ಟೆ ಸಮೇತ ಅರಕೆರೆಗೆ ಬಂದು, ಸೋಮವಾರದ ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತು, "ಹೌದು, ಇವರು ಇದ್ದಾರೆ" ಎಂದು ನಾಗರಾಜುವಿಗೆ ಹದಿನಾರರಲ್ಲಿ ಯಾವ ಭಾಷೆಯಲ್ಲಾದರೂ ಹೇಳಬೇಕು. ತಮಗೆ ಟಿಕೆಟ್ ನಾನು ತೆಗೆಸುತ್ತೇನೆ, ಲಗೇಜು ಸೇರಿಸಿ.

ತಮ್ಮ ಹೊಟ್ಟೆಯ ಮೇಲೆ ವಿಶ್ವಾಸವಿಟ್ಟು ಕೂತಿರುವ
ತಮ್ಮ ವಿಶ್ವಾಸಿ,
ಸುನಿತಾ

ಮತ್ತೊಂದು ಮಾತು: ಈ ಕಾಗದ ಮಡಿಸುವಾಗ ತಮ್ಮ ಕಚೇರಿಯ ಉತ್ತರ ಬಂದಿದೆ ಎಂದು ದಿವ್ಯ ಮೇಡಂ ಫೋನಿನಲ್ಲಿ ಓದಿ ಹೇಳಿದರು. ನಾಲ್ಕನೇ ಯಂತ್ರದಲ್ಲಿ ವಯಸ್ಸಾದ ಹೆಂಗಸಿನ ಒಂದು ಕಾರ್ಡು ಸಿಕ್ಕಿದೆಯಂತೆ. ಆದರೆ ನಾನು ಅರ್ಜಿಯಲ್ಲಿ, ಫೋಟೋ ಹಿಡಿಯುವಾಗ ಬೆಳಕು ಹೊಡೆದು ಎಡಗಣ್ಣು ಮುಚ್ಚಿಹೋಗಿದೆ ಎಂದು ಗುರುತು ಬರೆದಿದ್ದೆನಲ್ಲ, ಸಿಕ್ಕಿದ ಕಾರ್ಡಿನಲ್ಲಿ ಎರಡು ಕಣ್ಣೂ ತೆರೆದಿವೆ, ಗುರುತು ತಾಳೆಯಾಗದ ಕಾರಣ ಕಳಿಸಲಾಗುವುದಿಲ್ಲವಂತೆ. ತಾಳೆ ನೋಡುವುದರಲ್ಲಿ ತಮ್ಮವರ ನಿಷ್ಠೆಗೆ ಕೈಮುಗಿದೆ, ಒಂದು ಹನ್ನೆರಡಂಕಿಯ ನಂಬರೂ ಆ ಕಾರ್ಡಿನ ಮೇಲೆ ಇದೆ, ಕಣ್ಣು ಎಣಿಸಿದವರು ಅದನ್ನು ಎಣಿಸಲು ಮರೆತಿರಬೇಕು. ಈ ಸುದ್ದಿ ಹೇಳಿದಾಗ ನಮ್ಮತ್ತೆ ಮೂರು ತಿಂಗಳಲ್ಲಿ ಮೊದಲ ಸಲ ನಕ್ಕರು: "ಮುಚ್ಚೇ ಇತ್ತು ಕಣವ್ವ. ಫಾರಿನ್ ನೋಡುಕ್ಕೆ ಕಣ್ ಬುಟ್ಟದೆ." ಆದಕಾರಣ ಮಾನ್ಯರೇ, ಬೇರೇನೂ ಬೇಡ, ಆ ಎಡಗಣ್ಣೊಂದನ್ನು ಇನ್ನೊಂದು ಸಲ ನೋಡಿ. ಊರಿಗೆ ಕಳಿಸುತ್ತೇವೆ ಎಂದು ಮೊದಲು ಅದಕ್ಕೆ ಹೇಳಿ, ಆಮೇಲೆ ನೋಡಿ, ಮುಚ್ಚಿರುತ್ತದೆ.