ಎಲುಬು ಚಿತ್ರದ ಐದನೇ ನಕಲು

ಹರಪನಹಳ್ಳಿಯ 'ಐದು ತಾಲ್ಲೂಕು ಎಲುಬು ಚಿತ್ರ ರಕ್ಷಣಾ ಕೇಂದ್ರ'ದಲ್ಲಿ ಇದುವರೆಗೆ ಒಂದೇ ಒಂದು ಎಕ್ಸ್‌ರೇಯೂ ಕಳೆದುಹೋಗಿಲ್ಲ. ಒಂದನ್ನೂ ಯಾರೂ ನೋಡಿಯೂ ಇಲ್ಲ. ಎರಡೂ ಕೇಂದ್ರದ ಹೆಮ್ಮೆಯ ಸಂಗತಿಗಳು.

ವ್ಯವಸ್ಥೆ ಸರಳ. ಯಾರ ಕೈಕಾಲು ಮುರಿದರೂ ಎಕ್ಸ್‌ರೇ ನೇರವಾಗಿ ಹರಪನಹಳ್ಳಿಯ ಕಂಪ್ಯೂಟರಿಗೆ ಹೋಗುತ್ತದೆ. ಹೋದ ಗಳಿಗೆಯಲ್ಲೇ ಅದರ ನಕಲು ಕೊಟ್ಟೂರಿನ ಕಂಪ್ಯೂಟರಿಗೆ ಇಳಿಯುತ್ತದೆ. ಮೂಲ ಕಾಪಾಡಲಿಕ್ಕೆ, ನಕಲು ನೋಡಲಿಕ್ಕೆ. ಆದರೆ ನಕಲನ್ನು ತೆರೆದರೆ ನಕಲಾಗುವ ಕೆಲಸ ನಿಲ್ಲುತ್ತದೆ. ನಿಂತರೆ ಮೂಲಕ್ಕೆ ಆಸರೆ ತಪ್ಪುತ್ತದೆ. ಆದ್ದರಿಂದ ನಕಲನ್ನೂ ತೆರೆಯಬಾರದೆಂದು ಏಳನೇ ನಿಯಮ ಹೇಳುತ್ತದೆ.

ಬಾಷಾನಿಗೆ ಈ ನಿಯಮ ಗೊತ್ತಿರಲಿಲ್ಲ. ಅವನು ಕೊಟ್ಟೂರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವವನು. ಬಲಗೈ ಮುರಿದು ರಾಡು ಹಾಕಿಸಿಕೊಂಡಿದ್ದ. ರಾಡು ಸರಿದಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ. ಅಂಗಡಿಯ ಬಾಗಿಲು ಹಾಕಿತ್ತು.

"ರಾಡು ತಗೀಬಹುದು" ಅಂದರು ಎಲುಬಿನ ಡಾಕ್ಟರು ಗವಿಸಿದ್ದೇಶ್. "ಮೊದಲು ಹ್ಯಾಂಗ ಕುಂದ್ರಿಸ್ಯಾರೋ ಆ ಚಿತ್ರ ತಗೊಂಡು ಬಾ. ತಡ ಮಾಡಿದ್ರ ಕೈ ಹಿಂಗಾ ಉಳೀತೈತಿ."

"ಹೊಸಾದು ತಗೀರಿ ಸಾರ್."

"ತಗದ್ರ ಅದೂ ಅಲ್ಲಿಗೇ ಹೋಗ್ತೈತಿ."

ಬಾಷಾ ಹೆಂಡತಿ ದಾವಲ್ ಬೀಯನ್ನು ಕರೆದುಕೊಂಡು ಕೇಂದ್ರದ ಕೊಟ್ಟೂರು ಶಾಖೆಗೆ ಹೋದ. ಶಾಖೆಯ ಅಧಿಕಾರಿ ಕ್ರಾಂತಿಕುಮಾರ್ ಎದ್ದು ಕುರ್ಚಿ ಕೊಟ್ಟರು.

"ನಿಮ್ಮ ಚಿತ್ರ ಭದ್ರ ಐತಿ, ಬಾಷಾ ಸಾಬ್ರ."

"ತೋರಸ್ರಿ."

"ತೋರಿಸಿದ್ರ ಭದ್ರ ಇರಂಗಿಲ್ರಿ."

"ಒಂದ್ ಗಳಿಗಿ ನಕಲು ನಿಂದ್ರಸ್ರಲ್ಲ."

"ಅಖಂಡ ಭಜನಿ ಇದ್ದಂಗ ಇದು. ನಡುವ ನಿಂದ್ರಂಗಿಲ್ಲ."

ದಾವಲ್ ಬೀ ಸೆರಗು ಸರಿಮಾಡಿಕೊಂಡಳು. "ಭಜನಿಯಾಗೂ ಒಬ್ಬ ಎದ್ದು ಹೋಗಿ ಚಾ ಕುಡದು ಬರ್ತಾನ್ರಿ ಸಾಹೇಬ್ರ. ಭಜನಿ ನಿಂದ್ರತೈತೇನು?"

ಕ್ರಾಂತಿಕುಮಾರ್ ಆ ಮಾತನ್ನು ಕಾಗದದಲ್ಲಿ ಬರೆದುಕೊಂಡರು. ಮರುವಾರ ಪ್ರಕಟಣೆ ಹೊರಟಿತು:

"ನಕಲಾಗುವ ಕೆಲಸಕ್ಕೆ ಭಂಗ ಬಾರದಂತೆ ನಕಲಿನದೇ ಒಂದು ನಿಂತ ನಕಲನ್ನು, ಅಂದರೆ ಮುಂದೆ ಹೊಸದೇನೂ ಇಳಿಯದ ಪ್ರತಿಯನ್ನು, ತೆಗೆದು ಹಡಗಲಿಯಲ್ಲಿ ಇರಿಸಲಾಗುವುದು. ಸಾರ್ವಜನಿಕರು ಇದನ್ನು ನಿರಾತಂಕವಾಗಿ ನೋಡತಕ್ಕದ್ದು."

ಹಡಗಲಿಯಲ್ಲಿ ರಿಬ್ಬನ್ ಕತ್ತರಿಸಿದರು. ಬಾಷಾನನ್ನು ಫಲಾನುಭವಿಯೆಂದು ವೇದಿಕೆಯ ಮೇಲೆ ಕೂರಿಸಿ ಹಾರ ಹಾಕಿದರು. ಭಾಷಣಗಳು ಮುಗಿಯುವಷ್ಟರಲ್ಲಿ ಮೇಲಿನವರಿಂದ ಆಕ್ಷೇಪಣೆ ಬಂತು. ಬೆಳಿಗ್ಗೆ ನಿಂತ ನಕಲು ಮಧ್ಯಾಹ್ನಕ್ಕೆ ಹಳಸಿದ ನಕಲು. ಸರಕಾರವು ಪ್ರಜೆಗಳಿಗೆ ಹಳಸಿದ್ದನ್ನು ಬಡಿಸುವಂತಿಲ್ಲ. ಕೂಡಲೇ ಹಡಗಲಿಯ ಕಂಪ್ಯೂಟರಿಗೂ ತಾಜಾ ನಕಲು ಇಳಿಯುವ ಏರ್ಪಾಡಾಯಿತು. ಇಳಿಯತೊಡಗಿದ ಮೇಲೆ ಏಳನೇ ನಿಯಮವೂ ಅನ್ವಯವಾಯಿತು.

ಹಡಗಲಿಯದರ ನಿಂತ ನಕಲನ್ನು ಕೂಡ್ಲಿಗಿಯಲ್ಲಿಟ್ಟರು. ಅಲ್ಲೂ ಹಾಗೇ ಆಯಿತು. ಕೂಡ್ಲಿಗಿಯದರ ನಿಂತ ನಕಲನ್ನು ಹಗರಿಬೊಮ್ಮನಹಳ್ಳಿಯಲ್ಲಿಟ್ಟರು. ಅಲ್ಲೂ ಅದೇ. ಬಾಷಾನ ಮನೆಯಲ್ಲಿ ಹಾರಗಳು ಮೂರಾದವು. ಕೈ ಹಾಗೇ ಇತ್ತು.

"ಮುಂದ ಯಾವ ಊರ್ರಿ?" ಅಂದ, ಹೆಂಡತಿಯೊಡನೆ ಮತ್ತೆ ಕೊಟ್ಟೂರು ಶಾಖೆಗೆ ಬಂದ ಬಾಷಾ.

"ತಾಲ್ಲೂಕು ಮುಗದ್ವು" ಅಂದರು ಕ್ರಾಂತಿಕುಮಾರ್. ಅವರ ಮುಖದಲ್ಲಿ ನಿಜವಾದ ದುಃಖವಿತ್ತು.

ದಾವಲ್ ಬೀಗೆ ತಾಳ್ಮೆ ತಪ್ಪಿತು. ಗಂಡನ ಬಲಗೈ ಹಿಡಿದೆಳೆದು ಮೇಜಿನ ಮೇಲೆ ಇಟ್ಟಳು. "ಚಿತ್ರ ಚಿತ್ರ ಅಂತ ಬಡಕೊಂತೀರಿ. ಅದು ಇದರದಾ ಅಲ್ಲೇನು? ಇದನ್ನರ ಕಣ್ಬಿಟ್ಟು ನೋಡ್ರಿ!"

ಕ್ರಾಂತಿಕುಮಾರ್ ನೋಡಿದರು. ಚರ್ಮದಡಿ ಉಬ್ಬಿದ್ದ ರಾಡನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಎದ್ದುಹೋಗಿ ಪಕ್ಕದ ಕೋಣೆಯ ಕಂಪ್ಯೂಟರನ್ನು ಇಣುಕಿದರು. ನಕಲು ನಿಂತಿರಲಿಲ್ಲ. ಅವರ ಕಣ್ಣು ತುಂಬಿ ಬಂತು.

ಆದೇಶ ಅಂದೇ ಸಂಜೆ ಹೊರಟಿತು:

"ಶ್ರೀ ಬಾಷಾ ಅವರ ಬಲಗೈಯನ್ನು ಸದರಿ ಎಲುಬು ಚಿತ್ರದ ಐದನೇ ನಕಲೆಂದು ಘೋಷಿಸಲಾಗಿದೆ. ನಕಲಾಗುವ ಕೆಲಸಕ್ಕೆ ಭಂಗವಿಲ್ಲದೆ ನೋಡಬಹುದಾದ ಏಕೈಕ ನಕಲು ಇದಾಗಿರುತ್ತದೆ. ಇದನ್ನು ತಿದ್ದುವುದು, ಕೊಯ್ಯುವುದು, ಇದರೊಳಗಿನಿಂದ ಏನನ್ನಾದರೂ ತೆಗೆಯುವುದು ಶಿಕ್ಷಾರ್ಹ."

ಡಾಕ್ಟರು ಆದೇಶವನ್ನು ಓದಿ ಮಡಚಿಟ್ಟರು.

"ನಾನು ಎಲುಬಿನ ಡಾಕ್ಟ್ರು. ಸರಕಾರದ ದಾಖಲೆ ಕೊಯ್ಯಾಕ ಬರಂಗಿಲ್ಲಪ್ಪ."

"ಇದು ಕೈ ಸಾರ್!"

"ನಿನ್ನಿ ತನಕ ಕೈ ಇತ್ತು."

ಈಗ ಆಗಾಗ ತಪಾಸಣೆಯವರು ಬರುತ್ತಾರೆ. ಬಾಷಾ ಕೈ ತೊಳೆದು, ಒರೆಸಿ, ಮುಂದೆ ಚಾಚುತ್ತಾನೆ. ಮುಷ್ಟಿ ಹಿಡಿಯಲು ಹೇಳುತ್ತಾರೆ. ಬೆರಳು ಮಡಚಲು ಬರುವುದಿಲ್ಲ. 'ಬದಲಾವಣೆ ಇಲ್ಲ, ನಕಲು ಉತ್ತಮ ಸ್ಥಿತಿಯಲ್ಲಿದೆ' ಎಂದು ಬರೆದುಕೊಂಡು, ಚಾ ಕುಡಿದು ಹೋಗುತ್ತಾರೆ.

ಅಂಗಡಿ ತೆರೆದಿದೆ. ಬಾಷಾ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾನೆ, ದಾವಲ್ ಬೀ ತಂತಿ ಸುತ್ತುತ್ತಾಳೆ. ಮೊನ್ನೆ ತಂಬ್ರಹಳ್ಳಿಯಿಂದ ಮೋಟಾರು ತಂದ ಗಾಳೆಪ್ಪ ಕೇಳಿದ, "ಯಾಕಲೇ ಬಾಷಾ, ಕೈ ಇನ್ನೂ ಸರಿ ಮಾಡಿಸಿಲ್ಲೇನು?"

"ಮಾಡಸಂಗಿಲ್ಲ ಮಾರಾಯ. ಸರಕಾರದ್ದದು."

"ಹಂಗಾರ ಸರಿ ಬಿಡು" ಅಂದ ಗಾಳೆಪ್ಪ. ಹೋಗುವಾಗ ಆ ಕೈಗೆ ಒಂದು ನಮಸ್ಕಾರ ಮಾಡಿ ಹೋದ.