ಮನಸ್ಸಿನಲ್ಲೇ ಎತ್ತಿದ ಕೈ

ಊಹಿಸಿ ನೋಡೋಣ: ಕೈ ಎತ್ತಲಾಗದ ಮುದುಕನೊಬ್ಬ ಕಣ್ಣು ಮುಚ್ಚಿ ಕೂತು ಕೈ ಎತ್ತತೊಡಗಿದರೆ ಏನೇನಾಗಬಹುದು? ನಿವೃತ್ತನಾದ ಮೇಲೆ ನನಗೆ ಇಂಥವೇ ಗಂಟು ಬೀಳುತ್ತವೆ.

ಅಭ್ಯಾಸ ಬಲ

ಸಣ್ಣದೊಂದು ಸ್ಟ್ರೋಕ್ ಆಗಿ ನನ್ನ ಬಲಗೈ ಮಾತು ಕೇಳುವುದನ್ನು ಬಿಟ್ಟಿತ್ತು. ಬೆರಳು ಅಲ್ಲಾಡುತ್ತಿತ್ತು, ಕೈ ಏಳುತ್ತಿರಲಿಲ್ಲ. ಚಾಮರಾಜನಗರದ ಫಿಸಿಯೋಥೆರಪಿ ಹುಡುಗಿ ವಿವರಿಸಿದಳು: ನಿಜವಾಗಿ ಕೈ ಎತ್ತಿದರೂ, ಎತ್ತಿದಂತೆ ಬರೀ ಕಲ್ಪಿಸಿಕೊಂಡರೂ ಮಿದುಳಿನ ಹೆಚ್ಚುಕಡಿಮೆ ಅವೇ ಜಾಗಗಳು ಎಚ್ಚರವಾಗುತ್ತವಂತೆ, ಆಜ್ಞೆ ಮಾತ್ರ ಕೈಯವರೆಗೆ ಹೋಗುವುದಿಲ್ಲ. ಹಾಗಾಗಿ ವ್ಯಾಯಾಮದ ಜೊತೆಗೆ ಮನಸ್ಸಿನಲ್ಲೂ ಕೆಲಸ ಮಾಡಬೇಕು. ಕಷ್ಟವಾಗಬಹುದು ಎಂದು ಎಚ್ಚರಿಸಿದಳು.

"ಸರ್ಕಾರಿ ಕಚೇರಿಯಿಂದ ರಿಟೈರ್ ಆದವನು ಕಣಮ್ಮ, ಅಭ್ಯಾಸ ಇದೆ" ಅಂದೆ.

ಅಲಸಂದೆ ಸಾರು

ನನಗೆ ಅವಸರವಿತ್ತು. ಭೀಮನಬೀಡಿನ ನನ್ನ ತಂಗಿ ಪ್ರತಿವರ್ಷ ಹಬ್ಬದ ದಿನ ಕಡುಬಿನೊಳಗೆ ನಾಣ್ಯವಿಟ್ಟು ಹೊಸಿಲ ಮೇಲೆ ಇಡುತ್ತಾಳೆ. ಅಣ್ಣನಾದ ನಾನು ಗುದ್ದಿ ಒಡೆಯಬೇಕು. ಅದೇ ಭಂಡಾರ ಒಡೆಯುವ ಶಾಸ್ತ್ರ. ಈ ಸಲ ಎಡಗೈಯಲ್ಲಿ ಒಡೆಯಲೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಆಗಕಿಲ್ಲ ಕಣಣ್ಣ, ಬಲಗೈಯೇ ಬೇಕು" ಎಂದು ಅತ್ತುಬಿಟ್ಟಿದ್ದಳು.

ಸರಿ, ಅಭ್ಯಾಸಕ್ಕೆ ಕೂತೆ. ಹೆಂಡತಿ ಒಂದು ಮೊರ ಅಲಸಂದೆಕಾಯಿ ತಂದಿಟ್ಟಳು. ಕಣ್ಣು ಮುಚ್ಚಿ ಅಷ್ಟನ್ನೂ ಸುಲಿದೆ, ಸುಸ್ತಾಯಿತು. ಮಧ್ಯಾಹ್ನ ಸಾರನ್ನು ಎಷ್ಟು ಕಲಕಿದರೂ ಕಾಳೇ ಸಿಗಲಿಲ್ಲ.

"ನೀವು ಸುಲಿದಿದ್ದನ್ನೆಲ್ಲ ಹಾಕಿದ್ದೀನಲ್ಲ" ಎಂದಳು.

ತೆರಕಣಾಂಬಿ ದಾಟಿದ ಮೇಲೆ

ಹಬ್ಬದ ಬೆಳಿಗ್ಗೆ ಹೆಂಡತಿಯೊಂದಿಗೆ ತಂಗಿಯ ಊರಿಗೆ ಹೊರಟಾಗ ಗುಂಡ್ಲುಪೇಟೆ ಬಸ್ಸಿನಲ್ಲೂ ಅಭ್ಯಾಸ ಬಿಡಲಿಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಕಡುಬಿಗೆ ಗುದ್ದುತ್ತಿದ್ದೆ. ಕಂಡಕ್ಟರ್ ನನ್ನ ಮುಖ ನೋಡಿದವನೇ ಸೀಟಿ ಊದಿ ಬಸ್ಸು ನಿಲ್ಲಿಸಿದ. "ತಡ್ಕೋಬ್ಯಾಡಿ ಯಜಮಾನ್ರೇ, ಆ ಬೇಲಿ ಹಿಂದಕ್ಕೋಗಿ ಬನ್ನಿ" ಎಂದ. ಅಷ್ಟು ಜನ ಕಾಯುತ್ತಿರುವಾಗ ಸುಮ್ಮನೆ ಕೂರುವುದು ಚೆನ್ನಾಗಿರುವುದಿಲ್ಲವೆಂದು ಇಳಿದು ಹೋಗಿ ಬಂದೆ.

ಹೊಸಿಲ ಮುಂದೆ

ತಂಗಿ ಕಡುಬನ್ನು ಹೊಸಿಲ ಮೇಲಿಟ್ಟಳು. ತಿನ್ನಲೆಂದು ಪಕ್ಕದಲ್ಲೇ ತಟ್ಟೆ ತುಂಬ ಬಿಸಿ ಕಡುಬು, ಮೇಲೆ ತುಪ್ಪ. ನಾನು ಕಣ್ಣು ಮುಚ್ಚಿ ಗುದ್ದಿದೆ. ನಾಣ್ಯ ಹಾರಿದ್ದನ್ನೂ ಕಂಡೆ. ಕಣ್ಣು ಬಿಟ್ಟರೆ ಕಡುಬು ಇಟ್ಟ ಹಾಗೇ ಇತ್ತು. ತಂಗಿಯ ಮುಖ ನೋಡಲಾಗದೆ, "ಮನಸ್ಸಿನಲ್ಲಿ ಒಡೆದೆ ಕಣವ್ವ" ಎಂದೆ.

ಅವಳು ಕಣ್ಣೊರೆಸಿಕೊಂಡು, "ಅಂಗಾರೆ ತಿನ್ನೋದೂ ಮನಸ್ಸಲ್ಲೇ ಆಗ್ಲಿ ಬುಡು" ಎಂದು ತಟ್ಟೆ ಎತ್ತಲು ಹೋದಳು.

ತಟ್ಟೆ ಮೇಲೇಳಲಿಲ್ಲ. ನೋಡಿದರೆ ಅದರ ಅಂಚನ್ನು ನನ್ನ ಬಲಗೈ ಹಿಡಿದುಕೊಂಡಿತ್ತು.

ತಂಗಿ ತಟ್ಟೆ ಬಿಟ್ಟು ಅದೇ ಕೈಯನ್ನು ಮುಷ್ಟಿ ಮಾಡಿ ಹೊಸಿಲಿಗೆ ತಂದಳು. ಅಳುತ್ತ ನಗುತ್ತ ಇಬ್ಬರೂ ಸೇರಿ ಭಂಡಾರ ಒಡೆದೆವು.

ಹಿಂದೆ ನಿಂತಿದ್ದ ಹೆಂಡತಿ ಮಾತ್ರ, "ಅಲಸಂದೆಗೆ ಏಳದ ಕೈ ಕಡುಬಿಗೆ ಎದ್ದಿತು ನೋಡಿ" ಎಂದು ಮುಖ ತಿರುಗಿಸಿದಳು. ಪಾದಪೂಜೆಯ ತಟ್ಟೆಯನ್ನು ಸಂಜೆಯವರೆಗೂ ಮುಟ್ಟಲಿಲ್ಲ. ಹೆಂಡತಿ ಗಂಡನ ಕಾಲಿಗೆ ಹೂವಿಡಬೇಕಾದ ದಿನ ಅದು, ಸ್ವಾಮಿ: ಭೀಮನ ಅಮಾವಾಸ್ಯೆ.